ಎಡಚರ ಕ್ಲಬ್ಬಿನ ಚರಿತ್ರೆ

ನಮ್ಮ ಕ್ರಿಕೆಟ್ ಕ್ಲಬ್ಬಿಗೆ ನಲವತ್ತು ವರ್ಷ ತುಂಬುತ್ತದೆ, ಅದರ ಚರಿತ್ರೆ ಬರೆದು ಪುಸ್ತಕ ಮಾಡಬೇಕು ಎಂದು ಕಮಿಟಿ ತೀರ್ಮಾನ ಮಾಡಿ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿತು. ನಾನೂ ಬೇಡವೆನ್ನಲಿಲ್ಲ. ಪ್ರೆಸ್ಸಿನಲ್ಲಿ ಕೆಲಸ ಮಾಡುವವನು ನಾನು. ಮೊದಲು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ, ಮೊಳೆಗಳ ಕಾಲ ಮುಗಿದ ಮೇಲೆ ಕರಡು ತಿದ್ದುವ ಕೆಲಸಕ್ಕೆ ಬಂದೆ. ತಪ್ಪು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೆಂಡತಿ ಬರೆದ ಸಾಮಾನಿನ ಚೀಟಿಯನ್ನು ತಿದ್ದಲು ಹೋಗಿ ವಾರವೆಲ್ಲ ಸಪ್ಪೆ ಅಡುಗೆ ಉಂಡವನು ನಾನು. ಅಂಥವನ ಕೈಗೆ ಇಡೀ ಕ್ಲಬ್ಬಿನ ತಪ್ಪುಗಳು ಒಟ್ಟಿಗೆ ಸಿಕ್ಕರೆ ಬಿಟ್ಟೇನೆಯೇ ಎಂದು ಒಳಗೊಳಗೇ ಖುಷಿಯಾಯಿತು.

ನಮ್ಮ ಕ್ಲಬ್ಬಿನ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಒಂದೇ ವಿಷಯ. ಇಲ್ಲಿ ಬ್ಯಾಟು ಹಿಡಿಯುವ ಪ್ರತಿಯೊಬ್ಬನೂ ಎಡಗೈ ಬ್ಯಾಟ್ಸ್‌ಮನ್. ಬರೆಯುವುದು, ಹಲ್ಲುಜ್ಜುವುದು, ಬೀಗ ತೆಗೆಯುವುದು, ಜಗಳಕ್ಕೆ ನಿಂತಾಗ ಬೆರಳು ತೋರಿಸುವುದು ಎಲ್ಲವೂ ಬಲಗೈಯಲ್ಲೇ. ಕ್ರೀಸಿಗೆ ಬಂದಾಗ ಮಾತ್ರ ಅಷ್ಟೂ ಜನ ತಿರುಗಿ ನಿಲ್ಲುತ್ತೇವೆ. ಎದುರಾಳಿಗಳು ನಮ್ಮನ್ನು ಎಡಚರ ಕ್ಲಬ್ ಎಂದು ಕರೆಯುತ್ತಾರೆ, ನಮಗೂ ಆ ಹೆಸರು ರೂಢಿಯಾಗಿ ಹೋಗಿದೆ. ಬೌಲಿಂಗಿಗೆ ಮಾತ್ರ ವಿನಾಯಿತಿ ಉಂಟು. ಶುರುವಿನಲ್ಲಿ ಅದನ್ನೂ ಎಡಗೈಯಲ್ಲೇ ಮಾಡಿಸಿ ನೋಡಿದ್ದರಂತೆ. ಚೆಂಡು ವಿಕೆಟ್ ಬಿಟ್ಟು ಬೇರೆಲ್ಲ ಕಡೆಗೂ ಹೋಯಿತಂತೆ. ಕೊನೆಗೆ ಅಂಪೈರ್ ಆಗಿ ನಿಲ್ಲಲು ಯಾರೂ ಒಪ್ಪದೆ ಹೋದಾಗ ಆ ನಿಯಮ ಸಡಿಲವಾಯಿತು.

ನಿಯಮ ಮಾಡಿದವರು ಕ್ಲಬ್ ಕಟ್ಟಿದವರೇ. ಅವರು ನನ್ನ ಮಾವ, ಅಂದರೆ ಹೆಂಡತಿಯ ತಂದೆ. ಬೀದಿಗೆಲ್ಲ ಅವರು ಕ್ಯಾಪ್ಟನ್. ಅವರದು ಕಟಿಂಗ್ ಶಾಪು. ಎರಡು ಕುರ್ಚಿ, ಗೋಡೆಯ ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಕನ್ನಡಿ, ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಪೌಡರ್ ಡಬ್ಬಿ, ನೀರು ಚಿಮುಕಿಸುವ ಬಾಟಲಿ, ಹಲ್ಲು ಮುರಿದರೂ ಬಿಸಾಡದ ಬಾಚಣಿಗೆಗಳು. ಬೀದಿಯಲ್ಲಿ ಮೊದಲು ಟಿವಿ ಬಂದದ್ದು ಆ ಶಾಪಿಗೆ. ಟಿವಿಯನ್ನು ಎಲ್ಲಿಡುವುದು ಎಂದು ಮಾವ ಬಹಳ ಯೋಚನೆ ಮಾಡಿ, ಗಿರಾಕಿಯ ಬೆನ್ನ ಹಿಂದಿನ ಗೋಡೆಗೆ ಎತ್ತರದಲ್ಲಿ ಹಲಗೆ ಹೊಡೆದು ಅದರ ಮೇಲೆ ಇಟ್ಟರು. ಕುರ್ಚಿಯಲ್ಲಿ ಕುಳಿತವನು ಕುತ್ತಿಗೆ ತಿರುಗಿಸದೆ ಕನ್ನಡಿಯಲ್ಲೇ ಆಟ ನೋಡಬೇಕು, ಕತ್ತಿ ಹಿಡಿದವರೂ ಕೈ ನಿಲ್ಲಿಸದೆ ಕನ್ನಡಿಯಲ್ಲೇ ನೋಡಬೇಕು, ಯಾರ ಕಿವಿಗೂ ಅಪಾಯವಾಗಬಾರದು ಎಂಬುದು ಅವರ ಲೆಕ್ಕಾಚಾರ. ಆ ಲೆಕ್ಕ ಸರಿಯಾಗಿಯೇ ಇತ್ತು. ಇವತ್ತಿನವರೆಗೆ ಆ ಶಾಪಿನಲ್ಲಿ ಯಾರ ಕಿವಿಗೂ ಪೆಟ್ಟಾಗಿಲ್ಲ.

ಮಾವನಿಗೆ ಕ್ರಿಕೆಟ್ಟಿನ ಹುಚ್ಚು ಹತ್ತಿದ್ದು ಹಾಗೆ. ಅವರು ನೋಡಿ ಕಲಿತರು, ಕಲಿತದ್ದನ್ನು ಗಿರಾಕಿಗಳಿಗೆ ಕಲಿಸಿದರು. ಬೀದಿಯ ಪೋಸ್ಟ್‌ಮನ್, ಎದುರಿನ ಅಂಗಡಿಯ ಟೈಲರ್, ಶಾಲೆಯಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು, ಹೀಗೆ ಕೂದಲು ಕತ್ತರಿಸಿಕೊಳ್ಳಲು ಬಂದವರೆಲ್ಲ ತಂಡವಾದರು. ನೀರಿನ ಟ್ಯಾಂಕಿನ ಹಿಂದಿನ ಇಳಿಜಾರು ಮೈದಾನವಾಯಿತು. ಭಾನುವಾರ ಮಧ್ಯಾಹ್ನವಾದರೆ ಮಾವನ ಕಾಲು ಶಾಪಿನಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ಅರ್ಧ ಗಡ್ಡ ಬೋಳಿಸಿದ ಗಿರಾಕಿಯೊಬ್ಬರು ಕೊರಳಿಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ ಮೈದಾನಕ್ಕೆ ಬಂದು, ‘ಕ್ಯಾಪ್ಟನ್, ನನ್ನ ಉಳಿದರ್ಧ ಯಾವಾಗ’ ಎಂದು ಕೇಳಿದರಂತೆ. ಅವರನ್ನು ಬೌಂಡರಿ ಗೆರೆಯ ಹತ್ತಿರ ನಿಲ್ಲಿಸಿ ಎರಡು ಓವರ್ ಫೀಲ್ಡಿಂಗ್ ಮಾಡಿಸಿ, ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂರಿಸಿ ಉಳಿದರ್ಧ ಬೋಳಿಸಿದರಂತೆ. ಇದನ್ನು ಚರಿತ್ರೆಯಲ್ಲಿ ಬರೆದಿದ್ದೇನೆ, ಹೆಸರು ಹಾಕಿಲ್ಲ.

ಮೊದಲ ಪಂದ್ಯ ಬಸ್ ಡಿಪೋದವರ ಮೇಲೆ. ಮೈದಾನಕ್ಕೆ ಇಳಿದ ನಮ್ಮವರು ಒಬ್ಬೊಬ್ಬರೂ ಎಡಗೈ ನಿಲುವಿನಲ್ಲಿ ನಿಂತದ್ದು ಕಂಡು ಡಿಪೋದವರ ತಲೆ ಕೆಟ್ಟಿತು. ಬೌಲರುಗಳು ವೈಡ್ ಮೇಲೆ ವೈಡ್ ಹಾಕಿದರು. ಫೀಲ್ಡರುಗಳು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಅಂಪೈರ್ ಬಂದು, ‘ಇಡೀ ತಂಡವೇ ಎಡಗೈಯಾ’ ಎಂದು ಕೇಳಿದಾಗ ಮಾವ ಮುಖದ ಒಂದು ಗೆರೆ ಕೂಡ ಅಲುಗಿಸದೆ, ‘ಹೌದು, ಬೇಕಂತಲೇ’ ಎಂದರು. ಪಂದ್ಯ ಗೆದ್ದರು. ಅವತ್ತಿನಿಂದ ಅದು ‘ಕ್ಯಾಪ್ಟನ್ನರ ಎಡಗೈ ತಂತ್ರ’ ಆಯಿತು. ನಮ್ಮವರು ಆಮೇಲೆ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ, ಆದರೆ ತಂತ್ರದ ಹೆಸರು ಮಾತ್ರ ಕೆಡಲಿಲ್ಲ.

ಇಷ್ಟು ಎಲ್ಲರಿಗೂ ಗೊತ್ತಿರುವ ಚರಿತ್ರೆ. ಇನ್ನು ನನ್ನ ಕಥೆ ಹೇಳಬೇಕು, ಯಾಕೆಂದರೆ ಈ ತಂತ್ರಕ್ಕೆ ಬಲಿಯಾದವರಲ್ಲಿ ನಾನೂ ಒಬ್ಬ.

ನಾನು ಮೂಲತಃ ಡಿಪೋ ತಂಡದವನು. ನಮ್ಮ ಮನೆ ಡಿಪೋದ ಹಿಂದೆಯೇ ಇತ್ತು. ಬಲಗೈ ಬ್ಯಾಟ್ಸ್‌ಮನ್ ಆಗಿ ನನಗೆ ಒಳ್ಳೆಯ ಹೆಸರೂ ಇತ್ತು. ಕ್ಯಾಪ್ಟನ್ನರ ಮಗಳನ್ನು ಇಷ್ಟಪಟ್ಟು ಅವರ ಮನೆಗೆ ಹೋಗಿ ಮಾತಾಡಿದಾಗ ಅವರು ನನ್ನ ಸಂಬಳ ಕೇಳಲಿಲ್ಲ, ಮನೆಯವರ ಬಗ್ಗೆ ಕೇಳಲಿಲ್ಲ.

‘ಮಗಳು ಒಪ್ಪಿದಾಳೆ, ನನ್ನದೇನೂ ಅಡ್ಡಿ ಇಲ್ಲ’ ಎಂದರು. ‘ಆದರೆ ನಮ್ಮ ಮನೆ ಅಳಿಯ ಡಿಪೋ ಪರವಾಗಿ ಆಡೋ ಹಾಗಿಲ್ಲ. ನಮ್ಮ ಕ್ಲಬ್ಬಿಗೆ ಬರಬೇಕು. ಬಂದ ಮೇಲೆ ಬ್ಯಾಟು ಎಡಗೈಲೇ ಹಿಡೀಬೇಕು.’

ಪ್ರೀತಿಯ ಅಮಲಿನಲ್ಲಿದ್ದವನು ನಾನು. ಕಾಲಲ್ಲಿ ಬ್ಯಾಟು ಹಿಡಿ ಎಂದಿದ್ದರೂ ಹೂಂ ಎನ್ನುತ್ತಿದ್ದೆ.

ಮದುವೆಯ ಹಿಂದಿನ ದಿನ ಗಡ್ಡ ಬೋಳಿಸಿಕೊಳ್ಳಲು ಅವರ ಶಾಪಿಗೆ ಹೋದೆ. ಆವರೆಗೆ ನಾನು ಆ ಕುರ್ಚಿಯಲ್ಲಿ ಕೂತವನಲ್ಲ, ಡಿಪೋದವರಿಗೆ ಬೇರೆ ಶಾಪಿತ್ತು. ಮಾವ ಮುಖಕ್ಕೆ ನೊರೆ ಹಚ್ಚಿ ಕತ್ತಿ ಎತ್ತಿಕೊಂಡರು. ಕನ್ನಡಿಯೊಳಗೆ ಟಿವಿ, ಟಿವಿಯೊಳಗೆ ಆಟ. ಮೈದಾನದ ಸುತ್ತ ಜಾಹೀರಾತಿನ ಹಲಗೆಗಳಿದ್ದವು. ನಾನು ಅವನ್ನು ಸರಾಗವಾಗಿ ಓದುತ್ತಾ ಹೋದೆ. ಅಚ್ಚಿನ ಮೊಳೆಯ ಮೇಲೆ ಅಕ್ಷರ ತಿರುಗಿಯೇ ಇರುತ್ತದೆ. ಮೊಳೆ ಜೋಡಿಸುವವನಿಗೆ ತಿರುಗಿದ ಅಕ್ಷರವೇ ಅನ್ನ, ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಓದುವವನಿಗೆ ಅದು ತಿರುಗಿದೆ ಎಂದೇ ಅನ್ನಿಸುವುದಿಲ್ಲ. ಎರಡು ಹಲಗೆ ಓದಿ ಮುಗಿಸಿದ ಮೇಲೆ ಥಟ್ಟನೆ ಹೊಳೆಯಿತು. ಅಕ್ಷರ ತಿರುಗಿದ್ದರೆ ಆಟಗಾರನೂ ತಿರುಗಿರಬೇಕಲ್ಲ. ಕನ್ನಡಿಯಲ್ಲಿ ಆ ಬ್ಯಾಟ್ಸ್‌ಮನ್ ಎಡಗೈಯಲ್ಲಿ ಆಡುತ್ತಿದ್ದ. ಕುತ್ತಿಗೆ ತಿರುಗಿಸಿ ನಿಜವಾದ ಟಿವಿ ನೋಡಿದೆ. ಬಲಗೈ.

ಮಾವ ನನ್ನ ತಲೆಯನ್ನು ಹಿಡಿದು ಮತ್ತೆ ನೆಟ್ಟಗೆ ಕೂರಿಸಿದರು. ‘ಅಲ್ಲಾಡಬೇಡ, ನಾಳೆ ಮದುವೆ’ ಎಂದರು.

‘ಮಾವ, ಆ ಬ್ಯಾಟ್ಸ್‌ಮನ್ ಬಲಗೈಯವನು’ ಎಂದೆ.

ಕತ್ತಿ ನಿಂತಿತು. ಕನ್ನಡಿಯಲ್ಲಿ ನಮ್ಮಿಬ್ಬರ ಕಣ್ಣು ಸೇರಿದವು. ನನಗೆ ನಗು ತಡೆಯಲಾಗಲಿಲ್ಲ, ನೊರೆ ಬಾಯಿಗೆ ಹೋಯಿತು. ಅವರು ನಗಲಿಲ್ಲ. ಮೆಲ್ಲಗೆ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಹೇಳಿದರು.

‘ನನಗೆ ಗೊತ್ತಾಗಿದ್ದು ಮೊದಲನೇ ಪಂದ್ಯದ ದಿನ. ಡಿಪೋದವರು ಬ್ಯಾಟಿಂಗ್ ಅಭ್ಯಾಸ ಮಾಡ್ತಾ ಇದ್ರು. ಎಲ್ಲರೂ ನಮಗೆ ಉಲ್ಟಾ ತಿರುಗಿ ನಿಂತಿದ್ರು. ಎದೆ ಧಸಕ್ ಅಂತು. ನಮ್ಮವರೆಲ್ಲ ನನ್ನ ಮುಖ ನೋಡ್ತಾ ಇದ್ದಾರೆ. ನಾನು ತಪ್ಪು ಕಲಿಸಿದೆ ಕಣ್ರಪ್ಪ ಅಂದಿದ್ರೆ ಅವತ್ತೇ ತಂಡ ಮುಗೀತಿತ್ತು. ಅದಕ್ಕೆ ಬೇಕಂತಲೇ ಅಂದೆ.’

‘ಆಮೇಲಾದ್ರೂ ಹೇಳಬಹುದಿತ್ತು.’

‘ಆಮೇಲೆ ಗೆದ್ದುಬಿಟ್ವಲ್ಲ’ ಎಂದು ನಿಟ್ಟುಸಿರು ಬಿಟ್ಟರು. ಆಮೇಲೆ ಕತ್ತಿಯ ಅಂಚನ್ನು ನನ್ನ ಗಂಟಲಿನ ಉಬ್ಬಿನ ಕೆಳಗೆ ಇಟ್ಟು, ‘ಇದು ನಿನ್ನೊಬ್ಬನಿಗೇ ಗೊತ್ತಿರೋದು. ನಿನ್ನಲ್ಲೇ ಇರಲಿ’ ಎಂದರು.

ಆ ಭಂಗಿಯಲ್ಲಿ ಯಾವ ಗಂಡಸು ತಾನೆ ಇಲ್ಲ ಎಂದಾನು? ಮಾತು ಕೊಟ್ಟೆ, ಉಳಿಸಿಕೊಂಡೆ. ಮದುವೆಯಾದ ಮೇಲೆ ಎಡಗೈಯಲ್ಲಿ ಆಡಿದೆ. ಡಿಪೋದಲ್ಲಿ ಹುಲಿಯಾಗಿದ್ದವನು ಇಲ್ಲಿ ಬೆಕ್ಕಾದೆ. ಪ್ರತಿ ಸಲ ಔಟಾಗಿ ಬಂದಾಗಲೂ, ಬಲಗೈಯಲ್ಲಿ ಆಡಿದ್ದರೆ ತೋರಿಸುತ್ತಿದ್ದೆ ಎಂದು ಹೆಂಡತಿಯ ಮುಂದೆ ಹಲ್ಲು ಕಡಿದೆ. ಅವಳು ಮೊದಮೊದಲು ಕನಿಕರ ಪಟ್ಟಳು, ಆಮೇಲಾಮೇಲೆ ಕೇಳಿಸದವಳಂತೆ ಬಟ್ಟೆ ಮಡಚತೊಡಗಿದಳು.

ಈಗ ನಲವತ್ತನೇ ವರ್ಷದ ಸಂಭ್ರಮಕ್ಕೆ ಬರೋಣ. ಶಾಲೆಯ ಹಾಲಿನಲ್ಲಿ ಸಮಾರಂಭ, ಪುಸ್ತಕ ಬಿಡುಗಡೆ, ಮಾವನಿಗೆ ಸನ್ಮಾನ ಎಂದು ಕಮಿಟಿ ಗೊತ್ತು ಮಾಡಿತು. ವೇದಿಕೆಯ ಮೇಲೆ ಕಟ್ಟುವ ಬ್ಯಾನರಿನ ಕರಡು ನಮ್ಮ ಪ್ರೆಸ್ಸಿಗೇ ಬಂತು. ‘ಎಡಗೈ ತಂತ್ರದ ಜನಕ, ನಮ್ಮ ಕ್ಯಾಪ್ಟನ್’ ಎಂದು ದಪ್ಪ ಅಕ್ಷರ. ಅದನ್ನು ಒಯ್ದು ಮಾವನಿಗೆ ತೋರಿಸಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಊಟಕ್ಕೆ ಕುಳಿತಿದ್ದರು. ಓದಿದವರೇ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

‘ಈ ಮಾತು ತೆಗೆಸು’ ಎಂದರು.

‘ಯಾಕೆ ಮಾವ? ಇಷ್ಟು ವರ್ಷ ಎಲ್ಲರೂ ಹೇಳ್ತಾ ಇರೋದು ತಾನೆ?’

‘ಬಾಯಲ್ಲಿ ಹೇಳೋದು ಬೇರೆ, ಬಟ್ಟೆ ಮೇಲೆ ಬರೆಸಿ ಕಟ್ಟೋದು ಬೇರೆ. ನಾನು ಯಾವ ತಂತ್ರನೂ ಮಾಡಿಲ್ಲ. ಇವರ ಕೈ ಕೆಡಿಸಿದೀನಿ, ಅಷ್ಟೇ.’

ಅತ್ತೆ ಪಕ್ಕದಲ್ಲಿ ನೀರಿನ ಲೋಟ ಇಟ್ಟು, ‘ಮೊದಲು ಊಟ ಮಾಡಿ, ಆಮೇಲೆ ಕೊರಗಿ’ ಎಂದರು. ಮಾವ ಕೇಳಲಿಲ್ಲ.

‘ಟೈಲರ್ ವಿಷಯ ನಿನಗೆ ಗೊತ್ತಲ್ಲ’ ಎಂದು ನನ್ನತ್ತ ತಿರುಗಿದರು. ‘ವಯಸ್ಸಿನಲ್ಲಿ ಅವನ ಕಣ್ಣು ಹೇಗಿತ್ತು ಅಂತ ನಾನು ನೋಡಿದೀನಿ. ದೊಡ್ಡ ತಂಡದವರು ಟ್ರಯಲ್ಸಿಗೆ ಕರೆದ್ರು. ಹೊಸ ಬೂಟು ಹಾಕ್ಕೊಂಡು ಹೋದ, ಸಂಜೆ ತಲೆ ತಗ್ಗಿಸ್ಕೊಂಡು ಬಂದ. ಏನಾಯ್ತು ಅಂತ ಯಾರಿಗೂ ಹೇಳಲಿಲ್ಲ. ಬಲಗೈಲಿ ಕಲಿಸಿದ್ರೆ ಅವನು ಎಲ್ಲಿಗೋ ಹೋಗ್ತಿದ್ದ. ಇವತ್ತಿಗೂ ಅವನ ಅಂಗಡಿ ಮುಂದೆ ಹೋಗುವಾಗ ನಾನು ಆ ಕಡೆ ನೋಡಲ್ಲ. ಆ ಮನುಷ್ಯ ಹಾಲಿನಲ್ಲಿ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಬೇಕಾ?’

ಈ ಮನುಷ್ಯ ಒಳಗೊಳಗೇ ಇಷ್ಟು ನೊಂದಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ, ಪಾಪ ಅನ್ನಿಸಿತು. ಆ ಮಾತು ತೆಗೆಯದಿದ್ದರೆ ಹಾಲಿಗೆ ಕಾಲಿಡುವುದಿಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಅವರಿಲ್ಲದ ಸಮಾರಂಭಕ್ಕೆ ಯಾವ ಅರ್ಥವೂ ಇಲ್ಲ. ಹಾಗಾಗಿ ಕಾರಣ ಹೇಳದೆ ಬ್ಯಾನರಿನ ಮಾತು ಬದಲಾಯಿಸಲು ಹಳಬರನ್ನು ಒಪ್ಪಿಸುವ ಹೊಣೆ ನನ್ನ ಮೇಲೆ ಬಿತ್ತು. ಚರಿತ್ರೆಗೆ ಮಾಹಿತಿ ಬೇಕು ಎಂಬ ನೆಪವೂ ಇತ್ತು.

ಮೊದಲು ಪೋಸ್ಟ್‌ಮನ್ ಹತ್ತಿರ ಹೋದೆ. ಕೆಲಸದಿಂದ ನಿವೃತ್ತರಾದರೂ ಇವತ್ತಿಗೂ ನಡೆದುಕೊಂಡೇ ಮಾತಾಡುವವರು ಅವರು, ಕೂರಿಸಿ ಮಾತಾಡಿಸುವುದು ಸಾಧ್ಯವಿಲ್ಲ. ಬೀದಿಯುದ್ದಕ್ಕೂ ಅವರ ಹಿಂದೆ ಓಡುತ್ತಾ, ತಂತ್ರ ಗಿಂತ್ರ ಅನ್ನುವುದು ಸ್ವಲ್ಪ ಜಾಸ್ತಿಯಾಯಿತಲ್ಲವೇ ಎಂದು ಮೆಲ್ಲಗೆ ಕೆದಕಿದೆ. ಅವರು ಗಕ್ಕನೆ ನಿಂತರು.

‘ಆ ಮಾತು ಇರಲಿ, ಮುಟ್ಟಬೇಡ’ ಎಂದರು. ‘ನೀನು ಅಳಿಯ, ನಿನಗೆ ಹೇಳಬಹುದು. ನಿಮ್ಮ ಮಾವ ಕಲಿತಿದ್ದು ಕನ್ನಡಿಯಲ್ಲಿ. ನನಗೆ ಒಂದು ದಿನ ಕುರ್ಚಿಯಲ್ಲಿ ಕೂತಿದ್ದಾಗ ಹೊಳೀತು. ಟಿವಿಯಲ್ಲಿ ತೋರಿಸಿದ ಸ್ಕೋರಿನ ಅಂಕಿಗಳೆಲ್ಲ ತಿರುಗಿದ್ದವು. ಜೀವನವೆಲ್ಲ ಮನೆ ನಂಬರ್ ಓದಿದವನಿಗೆ ಗೊತ್ತಾಗಲ್ವಾ? ಕೇಳಿದೆ. ಕತ್ತಿ ಗಂಟಲಿಗಿಟ್ಟು, ನಿನ್ನೊಬ್ಬನಿಗೇ ಗೊತ್ತಿರೋದು ಅಂದ್ರು. ನನ್ನನ್ನ ಎಷ್ಟು ನಂಬಿದಾರೆ ನೋಡು. ಬೇರೆಯವರಿಗೆ ಗೊತ್ತಾದ್ರೆ ಕ್ಯಾಪ್ಟನ್ ತಲೆ ಎತ್ತಿ ಓಡಾಡೋಕಾಗಲ್ಲ. ನೀನೂ ಬಾಯಿ ಬಿಡಬೇಡ, ಮಾತು ಕೊಡು.’

ಕೊಟ್ಟೆ. ಮನಸ್ಸು ಸ್ವಲ್ಪ ಮುದುಡಿತು. ನನ್ನೊಬ್ಬನಿಗೇ ಅಂದಿದ್ದರಲ್ಲ.

ಮೇಷ್ಟ್ರ ಮನೆಗೆ ಹೋದೆ. ಅವರು ಇನ್ನೂ ಸುಸೂತ್ರವಾಗಿ ಹೇಳಿದರು. ತರಗತಿಯಲ್ಲಿ ಕನ್ನಡಿಯ ಪಾಠ ಮಾಡುತ್ತಿದ್ದರಂತೆ. ‘ಎಡ ಬಲವಾಗಿಯೂ ಬಲ ಎಡವಾಗಿಯೂ ಕಾಣುತ್ತದೆ’ ಎಂದು ಮಕ್ಕಳಿಗೆ ಬರೆಸುತ್ತಿದ್ದವರು ಅರ್ಧ ವಾಕ್ಯದಲ್ಲೇ ನಿಲ್ಲಿಸಿಬಿಟ್ಟರಂತೆ. ಗಂಟೆ ಹೊಡೆಯುವುದನ್ನೂ ಕಾಯದೆ ನೆಟ್ಟಗೆ ಶಾಪಿಗೆ ಹೋದರಂತೆ. ಅಲ್ಲೂ ಅದೇ ಕುರ್ಚಿ, ಅದೇ ಕತ್ತಿ, ಅದೇ ಮಾತು.

‘ವರ್ಷಾನುಗಟ್ಟಲೆ ಆ ಪಾಠ ಮಾಡಿದವನು ನಾನು’ ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು. ‘ಕನ್ನಡಿಯಲ್ಲಿ ಅಕ್ಷರ ತಿರುಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಮನುಷ್ಯನೂ ತಿರುಗ್ತಾನೆ ಅಂತ ಯಾರಿಗೆ ಹೊಳೆಯುತ್ತೆ? ಯಾರಿಗೂ ಹೇಳಬೇಡಿ. ನಮ್ಮ ಟೈಲರಿಗಂತೂ ಗೊತ್ತಾಗಲೇಬಾರದು.’

ಅಲ್ಲೂ ಮಾತು ಕೊಟ್ಟೆ. ಹೀಗೆ ಮಾತು ಕೊಡುತ್ತಾ ಹೋದರೆ ಚರಿತ್ರೆಯಲ್ಲಿ ಬರೆಯಲು ಏನು ಉಳಿಯುತ್ತದೆ ಎಂದು ತಲೆಬಿಸಿಯಾಯಿತು.

ಟೈಲರ್ ಅಂಗಡಿಗೆ ಹೋಗಲು ನಿಜವಾಗಿ ಹೆದರಿಕೆಯಿತ್ತು. ಅವರು ಮಿಷನ್ನಿನ ಮೇಲೆ ಬಗ್ಗಿ ಒಂದು ಅಂಗಿಗೆ ಕಾಲರ್ ಹಾಕುತ್ತಿದ್ದರು. ಹಳೆಯ ಪಂದ್ಯಗಳ ಬಗ್ಗೆ ಕೇಳಿದೆ, ನಗುನಗುತ್ತಾ ಹೇಳಿದರು. ಎಡಗೈ ತಂತ್ರದ ಬಗ್ಗೆ ಕೇಳಿದೆ, ‘ಕ್ಯಾಪ್ಟನ್ ತಲೆ ಅಂದ್ರೆ ತಲೆ’ ಎಂದು ಸೂಜಿಗೆ ದಾರ ಪೋಣಿಸತೊಡಗಿದರು. ಟ್ರಯಲ್ಸಿನ ಮಾತು ಎತ್ತಿದ್ದೇ ತಡ, ಮುಖ ಗಂಟಾಯಿತು. ದಾರವನ್ನು ಹಲ್ಲಿನಲ್ಲಿ ಕಟ್ ಎಂದು ಕತ್ತರಿಸಿ, ‘ಅದೊಂದು ಬೇಡ. ಪುಸ್ತಕದಲ್ಲಿ ಅದು ಬಂದ್ರೆ ನಾನು ಕ್ಲಬ್ಬಿಗೇ ಬರಲ್ಲ’ ಎಂದರು. ನಾನು ಚಹಾ ಕೂಡ ಕುಡಿಯದೆ ಎದ್ದುಬಂದೆ. ಮಾವನ ಭಯ ನಿಜವೇ ಇರಬೇಕು, ಈ ಮನುಷ್ಯನ ಮನಸ್ಸಿನಲ್ಲಿ ಆ ಗಾಯ ಇನ್ನೂ ಹಸಿಯಾಗಿಯೇ ಇದೆ ಅನ್ನಿಸಿತು.

ಬ್ಯಾನರಿನ ಮಾತು ಬದಲಾಗುವುದಿಲ್ಲ ಎಂದು ಮಾವನಿಗೆ ಹೇಳಿದೆ. ಅವರು ಕೈಯಲ್ಲಿದ್ದ ಕತ್ತಿಯನ್ನು ಒರೆಸಿ ಮಡಚಿಟ್ಟರು. ಆಮೇಲೆ, ‘ಹಾಗಾದ್ರೆ ಬರ್ತೀನಿ. ವೇದಿಕೆ ಮೇಲೆ ನಾನೇ ಎಲ್ಲ ಹೇಳಿಬಿಡ್ತೀನಿ. ಆಮೇಲೆ ಸನ್ಮಾನ ಮಾಡ್ತಾರೋ, ಓಡಿಸ್ತಾರೋ, ಅವರಿಷ್ಟ’ ಎಂದರು.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಬಿಚ್ಚಿಟ್ಟೆ. ಅವಳಿಗೆ ಕನ್ನಡಿಯ ವಿಷಯ ಮೊದಲೇ ಗೊತ್ತಿತ್ತು, ಅತ್ತೆ ಹೇಳಿದ್ದರಂತೆ. ‘ನಿಮ್ಮಪ್ಪ ವೇದಿಕೆ ಹತ್ತೋ ಮೊದಲೇ ಹೇಳಿಬಿಡ್ತೀನಿ, ಪೋಸ್ಟ್‌ಮನ್ನಿಗೂ ಮೇಷ್ಟ್ರಿಗೂ ಅವರ ಮೇಲೆ ಸ್ವಲ್ಪವೂ ಸಿಟ್ಟಿಲ್ಲ ಅಂತ’ ಎಂದೆ.

‘ಬೇಡ’ ಎಂದಳು. ‘ಈಗ ಹೇಳಿದ್ರೆ ಅಪ್ಪ ಅವರಿಬ್ಬರ ಮುಂದೆ ಮಾತ್ರ ಹಗುರ ಆಗ್ತಾರೆ. ಟೈಲರಣ್ಣನ ಎದುರು ಅದೇ ಭಾರ ಇದ್ದೇ ಇರುತ್ತೆ. ತಾವಾಗಿ ಬಾಯಿ ಬಿಟ್ಟು ಹೇಳಲಿ ಬಿಡಿ. ನೀವು ಎಲ್ಲದರಲ್ಲೂ ತಿದ್ದೋಕೆ ಹೋಗಬೇಡಿ.’

ಸಾಮಾನಿನ ಚೀಟಿ ತಿದ್ದಿದ ಹಳೆಯ ಲೆಕ್ಕವನ್ನೂ ಅದರಲ್ಲೇ ಚುಕ್ತಾ ಮಾಡಿದಳು. ಹೇಳುವ ಯೋಚನೆ ಬಿಟ್ಟೆ.

ಸಮಾರಂಭದ ಬೆಳಿಗ್ಗೆ ಶಾಲೆಯ ಹಾಲು ತುಂಬಿತ್ತು. ಮಕ್ಕಳು ಕೂರುವ ತಗ್ಗು ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಗದ್ದಕ್ಕೆ ತಾಗಿಸಿ ಕುಳಿತಿದ್ದರು. ಡಿಪೋದವರೂ ಬಂದಿದ್ದರು. ಮುಂದಿನ ಸಾಲಿನಲ್ಲಿ ಅತ್ತೆ, ನನ್ನ ಹೆಂಡತಿ, ಟೈಲರ್, ಪೋಸ್ಟ್‌ಮನ್, ಮೇಷ್ಟ್ರು. ನಾನು ಪುಸ್ತಕದ ಕಟ್ಟು ಹಿಡಿದು ವೇದಿಕೆಯ ಮೂಲೆಯಲ್ಲಿ ನಿಂತಿದ್ದೆ. ಕಮಿಟಿಯ ಅಧ್ಯಕ್ಷರು ತಂತ್ರದ ಗುಣಗಾನ ಮಾಡಿ ಮುಗಿಸಿ, ಸನ್ಮಾನದ ಫಲಕ ಎತ್ತಿಕೊಂಡರು. ಮಾವ ಕೈ ಅಡ್ಡ ಹಿಡಿದರು.

‘ಮೊದಲು ಒಂದು ಮಾತು ಹೇಳಬೇಕು’ ಎಂದು ಮೈಕಿನ ಮುಂದೆ ಬಂದರು. ‘ನಾನು ಯಾವ ತಂತ್ರನೂ ಮಾಡಿಲ್ಲ. ನಾನು ಆಟ ಕಲಿತಿದ್ದು ಶಾಪಿನ ಕನ್ನಡಿ ನೋಡಿ. ಕನ್ನಡಿಯಲ್ಲಿ ಎಲ್ಲ ತಿರುಗಾಮುರುಗಾ. ಬಲಗೈ ಆಟನ ಎಡಗೈ ಅಂದ್ಕೊಂಡು ಕಲಿತೆ, ನಿಮಗೂ ಅದನ್ನೇ ಕಲಿಸಿದೆ. ಮೊದಲನೇ ಪಂದ್ಯದ ದಿನವೇ ತಪ್ಪು ಗೊತ್ತಾಯ್ತು. ಎಲ್ಲರೆದುರು ಹೇಳೋಕೆ ಧೈರ್ಯ ಸಾಲಲಿಲ್ಲ. ನಿಮ್ಮೆಲ್ಲರ ಆಟ ನನ್ನಿಂದ ಕೆಟ್ಟಿತು. ಅದರಲ್ಲೂ’ ಎಂದು ಮುಂದಿನ ಸಾಲಿನ ಕಡೆ ನೋಡಿದರು, ಬಹಳ ವರ್ಷಗಳ ನಂತರ ಆ ಮುಖವನ್ನು ನೇರವಾಗಿ ನೋಡಿದರು, ‘ಅದರಲ್ಲೂ ಟೈಲರ್ ದೊಡ್ಡ ತಂಡಕ್ಕೆ ಹೋಗೋದು ನನ್ನಿಂದ ತಪ್ಪಿಹೋಯ್ತು. ಅದಕ್ಕೆ ಈ ಸನ್ಮಾನ ನನಗೆ ಬೇಡ.’

ಟೈಲರ್ ಎದ್ದು ನಿಂತರು.

‘ಇದು ನನಗೆ ಯಾವತ್ತೋ ಗೊತ್ತು’ ಎಂದರು. ‘ನಾನೇ ನಿಮ್ಮನ್ನ ಕೇಳಿರಲಿಲ್ವಾ? ಕನ್ನಡಿಯಲ್ಲಿ ಆಟಗಾರರ ಅಂಗಿ ಗುಂಡಿಗಳು ಹೆಂಗಸರ ಅಂಗಿ ತರ ಆ ಕಡೆ ಇದಾವೆ, ಇದೇನು ಕ್ಯಾಪ್ಟನ್ ಅಂತ.’

ಮಾವ ಬಾಯಿ ತೆರೆದರು. ಟೈಲರ್ ಬಿಡಲಿಲ್ಲ.

‘ಟ್ರಯಲ್ಸಿನ ವಿಷಯನೂ ಕೇಳಿ. ಗುಂಡಿ ನೋಡಿದ ಮೇಲೆ ನಾನು ಅಂಗಡಿ ಮುಚ್ಚಿದ ಮೇಲೆ ಹಿಂದಿನ ಗೋಡೆ ಮರೆಯಲ್ಲಿ ಕದ್ದು ಬಲಗೈ ಅಭ್ಯಾಸ ಮಾಡಿದ್ದೆ. ಅಲ್ಲಿ ಹೋಗಿ ಬಲಗೈಲೇ ಆಡಿದೆ. ಮೊದಲನೇ ಚೆಂಡಿಗೆ ಔಟು, ಎರಡನೇ ಅವಕಾಶ ಕೊಟ್ರು, ಅದಕ್ಕೂ ಔಟು. ಅಲ್ಲಿದ್ದವರು, ಎಡಗೈಯಲ್ಲಿ ಚೆನ್ನಾಗಿ ಆಡ್ತೀಯ ಅಂತ ಕೇಳಿ ಕರೆಸಿದ್ವಿ, ನಿನಗೇನಾಯ್ತಪ್ಪ ಅಂದ್ರು. ನಿಮಗೆ ಹೇಳದೆ ಕೈ ಬದಲಾಯಿಸಿ ಆಡಿದ ನಾಚಿಕೆಗೆ ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು. ನೀವು ನೋಡಿದ್ರೆ ಅದನ್ನ ನಿಮ್ಮ ತಲೆ ಮೇಲೆ ಹೊತ್ಕೊಂಡಿದೀರಿ.’

ಡಿಪೋದವರ ಕಡೆಯಿಂದ ಒಂದು ನಗು ಸಿಡಿಯಿತು. ಅಷ್ಟರಲ್ಲಿ ಪೋಸ್ಟ್‌ಮನ್ ಎದ್ದು ಟೈಲರ್ ಕಡೆ ತಿರುಗಿದರು. ಅವರಿಗೆ ನಿಜವಾದ ಸಿಟ್ಟು ಬಂದಿತ್ತು.

‘ನಿನಗೆ ಹೇಗೆ ಗೊತ್ತು? ಕ್ಯಾಪ್ಟನ್ ನನ್ನೊಬ್ಬನಿಗೇ ಹೇಳಿದ್ದು.’

‘ನಿನ್ನೊಬ್ಬನಿಗಾ? ನನಗೆ ಕತ್ತಿ ಹಿಡಿದು ಆಣೆ ಹಾಕಿಸಿದ್ರಲ್ಲ’ ಎಂದರು ಟೈಲರ್.

‘ನನಗೂ ಹಾಗೇ’ ಎಂದು ಮೇಷ್ಟ್ರು ಸಣ್ಣ ದನಿಯಲ್ಲಿ ಹೇಳಿದರು. ಅವರ ಹಿಂದಿನ ಬೆಂಚಿನಿಂದ ಒಬ್ಬರು, ಅದರ ಹಿಂದಿನಿಂದ ಇನ್ನೊಬ್ಬರು, ಕಿಟಕಿಯ ಹತ್ತಿರದಿಂದ ಮತ್ತೊಬ್ಬರು ನನಗೂ, ನನಗೂ ಎಂದರು. ತಲೆ ತಗ್ಗಿಸಿ ಕುಳಿತಿದ್ದ ಗಂಡಸರೆಲ್ಲ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಕ್ಯಾಪ್ಟನ್ನರ ಏಕೈಕ ನಂಬಿಕಸ್ಥ ತಾನೇ ಎಂದು ಇಷ್ಟು ವರ್ಷ ಒಳಗೊಳಗೇ ಬೀಗಿದವರು ಎಲ್ಲರೂ. ನಾನೂ ಅವರಲ್ಲೊಬ್ಬ, ನನಗೂ ಹೊಟ್ಟೆ ಉರಿಯಿತು.

ಮಾವ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

‘ಅಲ್ರೋ, ಒಬ್ಬೊಬ್ಬರಿಗೇ ಹೇಳ್ತಾ ಎಲ್ಲರಿಗೂ ಹೇಳಿಬಿಟ್ಟಿದೀನಲ್ಲ’ ಎಂದರು. ‘ಗೊತ್ತಿದ್ದೂ ಯಾಕೆ ಕೈ ಬದಲಾಯಿಸಿಕೊಳ್ಳಲಿಲ್ಲ? ನಾನೇನು ಮೈದಾನದಲ್ಲೂ ಕತ್ತಿ ಹಿಡ್ಕೊಂಡು ನಿಂತಿದ್ನಾ?’

ಟೈಲರ್ ನೆಲ ನೋಡಿದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಕೊನೆಗೆ ಪೋಸ್ಟ್‌ಮನ್ ಹೇಳಿದರು. ಕ್ಯಾಪ್ಟನ್ ಅನ್ನುವುದನ್ನು ಬಿಟ್ಟು ಅವರು ಮಾವನನ್ನು ಬೇರೆ ರೀತಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

‘ಬದಲಾಯಿಸಿಕೊಂಡಿದ್ರೆ ನೀವೊಬ್ಬರೇ ಎಡಗೈಯವರಾಗಿ ಉಳೀತಿದ್ರಿ, ಅಣ್ಣ.’

ಮಾವ ಮೈಕಿನ ಮುಂದೆ ಹಾಗೇ ನಿಂತರು.

‘ಇಷ್ಟು ವರ್ಷ ನಾನು ನಿಮ್ಮನ್ನೆಲ್ಲ ಕಾಪಾಡ್ಕೊಂಡು ಬಂದಿದೀನಿ ಅಂದ್ಕೊಂಡಿದ್ದೆ’ ಎಂದರು. ಮುಂದೆ ಆಗಲಿಲ್ಲ. ಎಲ್ಲರೆದುರು ಮಗುವಿನ ಹಾಗೆ ಅತ್ತುಬಿಟ್ಟರು. ನನ್ನ ಕಣ್ಣೂ ತುಂಬಿ ಬಂತು, ಮುಚ್ಚಿಡುವುದೇನು, ಕೈಯಲ್ಲಿದ್ದ ಪುಸ್ತಕದ ಕಟ್ಟಿನ ಮೇಲೆ ಎರಡು ಹನಿ ಬಿತ್ತು.

‘ಸಾಕು, ಇಳಿದು ಬನ್ನಿ’ ಎಂದು ಅತ್ತೆ ಕೆಳಗಿನಿಂದ ಹೇಳಿದರು. ಮಾವ ಇಳಿದು ಬಂದರು. ಟೈಲರ್ ಒಂದು ಕಡೆ, ಪೋಸ್ಟ್‌ಮನ್ ಒಂದು ಕಡೆ ಸರಿದು ಆ ತಗ್ಗು ಬೆಂಚಿನಲ್ಲಿ ಅವರಿಗೆ ಜಾಗ ಮಾಡಿಕೊಟ್ಟರು. ಅಧ್ಯಕ್ಷರು ಫಲಕವನ್ನು ಅಲ್ಲಿಗೇ ತಂದು ಅವರ ತೊಡೆಯ ಮೇಲೆ ಇಟ್ಟರು. ಮಾವ ಟೈಲರ್ ಕೈ ಹಿಡಿದುಕೊಂಡು ಬಿಡಲೇ ಇಲ್ಲ, ಮತ್ತು ಅವರ ತಲೆಯ ಮೇಲಿಂದಲೇ ಟೈಲರೂ ಪೋಸ್ಟ್‌ಮನ್ನೂ ಯಾರಿಗೆ ಮೊದಲು ಗೊತ್ತಾದದ್ದು ಎಂದು ಜಗಳ ಮುಂದುವರಿಸಿದರು.